ಕೂಸಿನ ದಿಂಬು

ಕೊಂಢವಾ ಬಸ್‌ಸ್ಟಾಪಿನಲ್ಲಿ ಮರಾಠಿ ಮಾತುಗಳ ನಡುವೆ ಕನ್ನಡ ಕಿವಿಗೆ ಬಿದ್ದದ್ದೇ ಮಿಥುನ ಫೋನಿನಿಂದ ತಲೆಯೆತ್ತಿದ. ಗಿಡಗಳ ಸಂಶೋಧನೆಗೆ ಬಂದ ನಿಖಿತಾ, ಊರಿಗೆ ಹೊರಟಿದ್ದ ಕಟ್ಟಡದ ಕೆಲಸದ ಶಿವಕಾಂತಾಳನ್ನು ತಡೆದು ನಿಲ್ಲಿಸಿದ್ದಳು.

"ನಿಮ್ಮ ಶೆಡ್ ಹಿಂದಿನ ಹಳದಿ ಹೂವಿನ ಗಿಡ ನಮ್ಮ ದೇಶಕ್ಕೇ ಹೊಸದು."

"ಛಲೋ ಆತಲ್ರಿ ಅಕ್ಕಾರೆ."

"ಒಳ್ಳೇದಲ್ಲ. ಸೇವಂತಿಗೆ ಕುಟುಂಬದ್ದೇ, ಆದ್ರೆ ಬೇರೆ ದೇಶದಲ್ಲಿ ಹೊಲಾನೆಲ್ಲ ನುಂಗಿದೆ. ಬೀಜ ಹಾರೋ ಮುಂಚೆ ಸುಡೋಣ ಅಂತ ಹೋದ್ರೆ ಬೀಜಾನೇ ಇಲ್ಲ. ಯಾರು ಕಿತ್ರು?"

"ನಾವೇರಿ. ಬೀಜದ ಎಳಿ ಹತ್ತಿಗಿಂತ ಮೆತ್ತಗ ಅದ. ಬೀಜ ಸಮೇತ ದಿಂಬು ತುಂಬೀವಿ. ಇದು ನಮ್ಮ ತಂಗಿ ಕೂಸಿಗಿ."

ಗಂಟಿನ ಮೇಲಿದ್ದ ಪುಟ್ಟ ದಿಂಬಿನ ಹೊಲಿಗೆಯಿಂದ ಬಿಳಿ ಎಳೆಗಳು ಇಣುಕುತ್ತಿದ್ದವು. ನಿಖಿತಾ ಅಂಗೈಯಿಂದ ಅದನ್ನು ಒತ್ತಿ ಹಿಡಿದಳು.

"ಇದನ್ನ ಒಯ್ಯಬೇಡಿ. ಕೂಸಿಗೆ ಬೇರೆ ಕೊಡಿಸ್ತೀನಿ."

"ತಗೋರಿ. ಆದರ ದೀಪಾವಳಿಗಿ ಹೋದವ್ರು ಮನಿಗೊಂದು ಒಯ್ದಾರಲ್ರಿ. ಬೀದರ, ಯಾದಗಿರಿ, ರಾಯಚೂರು ಕಡಿಯವ್ರು."

"ಎಲ್ಲರೂನಾ?"

"ಊರಿಗಿ ಹೋಗವ್ರು ಬರಿಗೈಲಿ ಹೋಗ್ತಾರೇನ್ರಿ?"

ಸ್ಟೇಷನ್ ಬಸ್ಸು ಬಂತು. ಶಿವಕಾಂತಾ ಹತ್ತಿದಳು. ನಿಖಿತಾ ದಿಂಬನ್ನು ಎದೆಗವಚಿಕೊಂಡು, ಯಾರಿಗೆ ಫೋನ್ ಮಾಡುವುದೆಂದು ತಿಳಿಯದವಳಂತೆ ನಡೆದುಹೋದಳು.

ಮಿಥುನನ ತೋಳಿನ ಮೇಲೊಂದು ಬಿಳಿ ಎಳೆ, ತುದಿಯಲ್ಲಿ ಬೀಜದೊಂದಿಗೆ, ಬಂದು ಕೂತಿತ್ತು. ಊದಲು ತುಟಿ ಮುಂದೆ ಮಾಡಿದವನು ಉಸಿರು ಬಿಗಿಹಿಡಿದ.