ಡಿಟೆಕ್ಟರ್ ತೊಳೆದ ಕೈ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇವತ್ತು ನಿವೃತ್ತರಾಗುತ್ತಿರುವ ಆದಿಲಕ್ಷ್ಮಮ್ಮನವರೇ, ಒಳಗಿನಿಂದ ಬಿಸಿಬೇಳೆಬಾತಿನ ಘಮ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಹೀಗೆ ಹೇಳಿದವರು ಎಷ್ಟು ಹೊತ್ತು ಮಾತಾಡುತ್ತಾರೆಂದು ನಿಮಗೂ ಗೊತ್ತು.

ಚಿಕ್ಕಬಳ್ಳಾಪುರದ ನಮ್ಮ ಈ ಪ್ರಯೋಗಾಲಯಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರ ಬಂದ ದಿನ ಕುಂಕುಮವಿಟ್ಟು ಪೂಜೆ ಮಾಡಿದ್ದೆವು. ಔಷಧಿಯಲ್ಲಿ ಉಳಿದುಹೋದ ದ್ರಾವಕವನ್ನು ಪತ್ತೆಹಚ್ಚುವ ಯಂತ್ರ. ಅದರ ಜೀವವೆಲ್ಲ ಡಿಟೆಕ್ಟರಿನಲ್ಲಿ. ಡಿಟೆಕ್ಟರಿನ ಜೀವ ಕಣ್ಣಿಗೆ ಕಾಣದ ಒಂದು ಸಣ್ಣ ಜ್ವಾಲೆಯಲ್ಲಿ. ಜ್ವಾಲೆ ಉರಿಯುವ ಕೊಳವೆಗೆ ಜೆಟ್ ಎನ್ನುತ್ತೇವೆ. ತೂತು ಸೂಜಿಮೊನೆಯಷ್ಟು.

ಎಂಥ ದಿನಗಳವು! ಕಿಟಕಿ ತೆಗೆದರೆ ನಂದಿಬೆಟ್ಟ, ಹಿಂದುಗಡೆ ಆದಿಲಕ್ಷ್ಮಮ್ಮ ಗಾಜಿನ ಸಾಮಾನು ತೊಳೆಯುವ ಸದ್ದು. ಇಲ್ಲಿಗೆ ಬರುವ ಮೊದಲು ಅವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳುಗಳು.

ಒಂದು ಬೆಳಗ್ಗೆ, ತಪಾಸಣೆಗೆ ಅಧಿಕಾರಿಗಳು ಬರುವ ದಿನವೇ, ಜ್ವಾಲೆ ಹೊತ್ತಲಿಲ್ಲ. ಜ್ವಾಲೆಗೆ ಹೋಗುವ ಹೈಡ್ರೋಜನ್ ಅನಿಲ ನಿಲ್ಲಿಸಿ, ಆರಲು ಬಿಟ್ಟು, ಬಿಚ್ಚಿ ನೋಡಿದೆ. ಜೆಟ್ಟಿನ ತೂತಿನಲ್ಲಿ ಬಿಳಿಪುಡಿ ಕಟ್ಟಿತ್ತು. ಸಣ್ಣ ತಂತಿ ತೂರಿಸಲು ಎರಡು ಸಲ ನೋಡಿದೆ, ಆಗಲಿಲ್ಲ.

"ಇತ್ಲಾಗೆ ಕೊಡಿ ಸಾರ್," ಅಂದರು ಆದಿಲಕ್ಷ್ಮಮ್ಮ.

"ನಿಂಗೇನಮ್ಮ ಗೊತ್ತು? ಒಳಗೆ ಗೀರು ಬಿದ್ರೆ ಮುಗೀತು!"

"ಬೀಳಲ್ಲ ಸಾರ್. ಎಳೆ ಕಿತ್ತೋಗದಂಗೆ ನೂಲು ತೆಗ್ದಿರೋಳು ನಾನು."

ಕೈಗವಸು ಹಾಕಿಸಿದೆ, ಬೆರಳಿನ ಜಿಡ್ಡು ತಾಗಿದರೂ ಯಂತ್ರ ಸುಳ್ಳು ಹೇಳುತ್ತದೆ. ಅವರು ತೂತು ಬಿಡಿಸಿ, ಅಸಿಟೋನಿನಲ್ಲಿ ತೊಳೆದು ಒಣಗಿಸಿದರು. ಜೋಡಿಸಿ ಹೊತ್ತಿಸಿದೆ. ಟಪ್! ಮೇಲೆ ತಣ್ಣನೆಯ ಕನ್ನಡಿ ಹಿಡಿದೆ, ಮಂಜು ಕಟ್ಟಿತು; ಕಾಣದ ಜ್ವಾಲೆ ಉರಿಯುತ್ತಿದೆ ಎಂದರ್ಥ.

"ಉಸಿರಾಡ್ತಾ ಐತೆ ಸಾರ್!" ಎಂದು ಮಗುವಿನಂತೆ ನಕ್ಕರು.

ಆಮೇಲೆ ದಾಖಲೆ ಪುಸ್ತಕ. ಸ್ವಚ್ಛ ಮಾಡಿದವರು ಯಾರು? ನಾಲ್ಕನೇ ಕ್ಲಾಸು ಓದಿದವರೆಂದರೆ ಅಧಿಕಾರಿಗಳು ಒಪ್ಪುತ್ತಾರೆಯೇ? 'ಚೆನ್ನರಾಯಪ್ಪ' ಎಂದು ಇಂಗ್ಲಿಷಿನಲ್ಲಿ ನನ್ನ ಹೆಸರನ್ನೇ ಬರೆದೆ. ಅಂದಿನಿಂದ ಹದಿನಾಲ್ಕು ವರ್ಷ ತೊಳೆದವರು ಅವರು, ಸಹಿ ನನ್ನದು. ಉತ್ತಮ ನಿರ್ವಹಣೆಗೆಂದು ಇದೇ ವೇದಿಕೆಯಲ್ಲಿ ನನಗೆ ಶಾಲು ಹೊದಿಸಿದಿರಿ. ಯಾಕೆ ಬೇಡವೆನ್ನಲಿಲ್ಲ ನಾನು? ಮೂರನೇ ಸಾಲಿನಲ್ಲಿ ಕೂತು ಅವರೂ ಚಪ್ಪಾಳೆ ತಟ್ಟಿದರು.

ಕ್ಷಮಿಸಿ, ಇಷ್ಟೆಲ್ಲ ಹೇಳಬೇಕೆಂದಿರಲಿಲ್ಲ.

ಹೋದ ವಾರ ತಡೆಯಲಾರದೆ ಅವರ ಮುಂದೆ ಒಪ್ಪಿಕೊಂಡೆ. "ಗೊತ್ತು ಸಾರ್," ಅಂದರು. "ಮಗಳ ಪುಸ್ತಕ ಇಟ್ಕೊಂಡು ಇಂಗ್ಲಿಷ್ ಅಕ್ಷರ ಯಾವತ್ತೋ ಕಲ್ತೆ."

"ಮತ್ಯಾಕಮ್ಮ ಕೇಳ್ಲಿಲ್ಲ?"

"ಕೇಳಿದ್ರೆ ಆ ಮಿಷನ್ನ ಮುಟ್ಟಕ್ಕೆ ಬಿಡ್ತಿರ್ಲಿಲ್ಲ ನೀವು."

ನಿಜ. ಬಿಡುತ್ತಿರಲಿಲ್ಲ.

ಅಧ್ಯಕ್ಷರೇ, ಇದನ್ನೆಲ್ಲ ಬರೆದ ಪತ್ರ ನಿನ್ನೆಯೇ ನಿಮ್ಮ ಮೇಜಿನ ಮೇಲಿಟ್ಟಿದ್ದೇನೆ. ಕ್ರಮ ಏನಿದ್ದರೂ ನನ್ನ ಮೇಲಿರಲಿ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞ. ಆದಿಲಕ್ಷ್ಮಮ್ಮನವರೇ, ಮೊದಲು ನಿಮಗೆ, ಆಮೇಲೆ ಉಳಿದವರಿಗೆ, ನಮಸ್ಕಾರ.