ಹೆರಿಗೆ ಹಾಳೆಯನ್ನು ತಿದ್ದಿ ಬರೆದ ಬಗ್ಗೆ

ನಾನು, ಜನ ದೊಡ್ಡ ಸಿಸ್ಟರ್ ಎಂದು ಕರೆಯುವವಳು, ವಯಸ್ಸು 61, ಹೆರಿಗೆ ವಾರ್ಡಿನ ನಿವೃತ್ತ ನರ್ಸ್, ಆಸ್ಪತ್ರೆಯ ಹಿಂದಿನ ರಸ್ತೆಯ ಎರಡನೇ ಮಹಡಿಯಲ್ಲಿ ವಾಸ, ಠಾಣೆಗೆ ನಾನಾಗಿಯೇ ಬಂದು ಬರೆಸುವುದೇನೆಂದರೆ:

ಏಳು ವರ್ಷದ ಹಿಂದೆ ಟೈಲರ್ ಕೆಲಸದ ಹೆಂಗಸೊಬ್ಬಳು ಚೊಚ್ಚಲ ಹೆರಿಗೆಗೆ ದಾಖಲಾಗಿದ್ದಳು. ಮಧ್ಯಾಹ್ನ 2-10ಕ್ಕೆ ಮಗುವಿನ ಎದೆಬಡಿತ ಇಳಿಯತೊಡಗಿತು. ಹಾಳೆಯಲ್ಲಿ ಬರೆದು 2-15ಕ್ಕೆ ಡಾಕ್ಟರಿಗೆ ಫೋನ್ ಮಾಡಿದೆನು. ಹೊರರೋಗಿಗಳನ್ನು ನೋಡಿ ಮುಗಿಸಿ ಬರುವುದಾಗಿ ಹೇಳಿದರು. 2-40ಕ್ಕೂ 3-05ಕ್ಕೂ ಮತ್ತೆ ಮಾಡಿದೆನು. ಅವರ ಕೊಠಡಿ ವಾರ್ಡಿನಿಂದ ನಲವತ್ತು ಹೆಜ್ಜೆ. ನಾನು ನಡೆದು ಹೋಗಿ ಕರೆಯಲಿಲ್ಲ. 3-35ಕ್ಕೆ ಬಂದರು. 3-52ಕ್ಕೆ ಹೆಣ್ಣು ಮಗು ಹುಟ್ಟಿತು. ಹನ್ನೊಂದು ನಿಮಿಷ ಅಳಲಿಲ್ಲ.

ಮರುದಿನ ಡಾಕ್ಟರು ಹೊಸ ಹಾಳೆ ಕೊಟ್ಟು, ಮೊದಲ ಫೋನ್ 3-20ಕ್ಕೆ ಬಂತೆಂದೂ ನೋವು ಬಂದಾಗ ತಾಯಿ ಸರಿಯಾಗಿ ಮುಕ್ಕಲಿಲ್ಲವೆಂದೂ ಬರೆಯಲು ತಿಳಿಸಿದರು. ಬರೆದು ಸಹಿ ಹಾಕಿದೆನು. ಹಳೆಯದನ್ನು ನಾನೇ ಹರಿದೆನು. ಈಗ ನನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಕಳೆದ ಸೋಮವಾರ ಬೆಳಿಗ್ಗೆ 11ಕ್ಕೆ ಆ ತಾಯಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಮೂವತ್ತಾರು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದಳು. ಮಗುವಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಕಾಲುಗಳು ಸೆಟೆದು ಒಂದರ ಮೇಲೊಂದು ಬಿದ್ದಿದ್ದವು. ಹುಟ್ಟುವಾಗ ಉಸಿರು ಸಿಗದೆ ಹೀಗಾಗಿದೆ ಎಂದು ಬೇರೆ ಡಾಕ್ಟರು ಹೇಳಿದ್ದಾಗಿಯೂ, ಆಸ್ಪತ್ರೆಯ ದಾಖಲೆಯಲ್ಲಿ ಮಾತ್ರ ತಪ್ಪು ತನ್ನದೇ ಎಂದಿರುವುದನ್ನು ವಕೀಲರು ತೋರಿಸಿದ್ದಾಗಿಯೂ, ಅತ್ತೆ ಇಂದಿಗೂ ತನ್ನನ್ನೇ ದೂರುತ್ತಿರುವುದಾಗಿಯೂ, ಗಂಡ ಸಾಕು ಬಿಡು ಅನ್ನುತ್ತಿರುವುದಾಗಿಯೂ ತಿಳಿಸಿದಳು.

“ಕೇಸು ಹಾಕ್ತೀನೋ ಇಲ್ವೋ ಇನ್ನೂ ಗೊತ್ತಿಲ್ಲ ಸಿಸ್ಟರ್. ನಾನು ಸರಿಯಾಗಿ ಮುಕ್ಕಲಿಲ್ವಾ? ಅದೊಂದು ಹೇಳಿಬಿಡಿ.”

ನೆನಪಿಲ್ಲ ಎಂದೆನು. ಅವಳು ವಾದ ಮಾಡಲಿಲ್ಲ. ಮಗುವನ್ನು ಮಲಗಿಸಿದ್ದ ನನ್ನ ಹಾಸಿಗೆಯ ಮೇಲೆ ಬಿದ್ದಿದ್ದ ಜೊಲ್ಲನ್ನು ಟವೆಲಿನಿಂದ ಒರೆಸಿ, ಬೇಜಾರು ಮಾಡ್ಕೋಬೇಡಿ ಎಂದು ಹೇಳಿ ಹೊರಟಳು. ಇಳಿಯುವಾಗ ಎರಡು ಕಡೆ ನಿಂತು ಹೆಗಲು ಬದಲಿಸಿದಳು. ಅದನ್ನು ಮೇಲಿನಿಂದ ನೋಡಿದೆನು. ಚಪ್ಪಲಿ ಹಾಕದೆ ಕೆಳಗಿಳಿದು ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿದೆನು.

“ನೀನು ಚೆನ್ನಾಗೇ ಮುಕ್ಕಿದ್ದೆ ಕಣಮ್ಮ. ನಾವೇ ಹೊತ್ತಿಗೆ ಬರಲಿಲ್ಲ.”

ಅವಳು ಮಗುವಿನ ಸಮೇತ ಅಲ್ಲೇ ಕುಳಿತುಬಿಟ್ಟಳು. ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, “ಇದನ್ನ ನಮ್ಮತ್ತೆ ಮುಂದೆ ಹೇಳ್ತೀರಾ?” ಎಂದು ಕೇಳಿದಳು.

ಅದೇ ಸಂಜೆ 5ಕ್ಕೆ ಅವರ ಮನೆಗೆ ಹೋಗಿ ಹೇಳಿದೆನು. ಅತ್ತೆ ಎದ್ದು ಸೊಸೆಯ ತೊಡೆಯಿಂದ ಮೊಮ್ಮಗಳನ್ನು ಎತ್ತಿಕೊಂಡರು. ಏಳು ವರ್ಷದಲ್ಲಿ ಅವರು ತಾವಾಗಿಯೇ ಎತ್ತಿಕೊಂಡದ್ದು ಅದೇ ಮೊದಲೆಂದು ಸೊಸೆ ಆಮೇಲೆ ನನಗೆ ತಿಳಿಸಿದಳು.

ಈ ಹೇಳಿಕೆಯಿಂದ ನಾನೂ ಆರೋಪಿಯಾಗಬಹುದೆಂದು ಠಾಣೆಯ ಸಾಹೇಬರು ಎಚ್ಚರಿಸಿದ್ದಾರೆ. ಗೊತ್ತು ಎಂದಿದ್ದೇನೆ. ಕೇಸು ಹಾಕುವುದು ಬಿಡುವುದು ಆ ತಾಯಿಗೆ ಸೇರಿದ್ದು. ಅವಳು ಬಿಟ್ಟರೂ ಇದು ಇಲ್ಲಿ ಇರಲಿ.

ಬರೆಸಿದ್ದೆಲ್ಲ ನಿಜ. ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14ನೇ ತಾರೀಕು, ಗುರುವಾರ, ಬೆಳಿಗ್ಗೆ 10-25
(ಸಹಿ) ಹೇಳಿಕೆ ಕೊಟ್ಟವಳು