ಅಪ್ಪ ವಾಪಸ್ ತಕಂಡ ಮಾತು

ಅಂಗ್ ನಗಬ್ಯಾಡ ಕಣ್ಲಾ, ನಿನ್ ಕ್ಲಾಸಿನ ಉಡ್ಗ ಒಬ್ಬ ಮಾತಾಡೋವಾಗ ತಡವರಿಸ್ತಾನೆ ಅಂತ ಆಡ್ಕಂಡು ಬಂದಿದ್ದೀಯಲ್ಲ, ನಾನೂ ಅಂಗೇ ಇದ್ದೋಳು. ಈಗ್ಲೂ ಕ್ವಾಪ ಬಂದ್ರೆ ನಾಲ್ಗೆ ತಡೀತದೆ, ನಿಮ್ ತಾತನ್ನ ಕೇಳು. ಎಪ್ಪತ್ತೈದನೇ ಇಸ್ವಿ ಆಚೀಚೆ, ಮೂರ್ನೇ ಕ್ಲಾಸು, ಅಲ್ಲಲ್ಲ, ನಾಕ್ನೇ ಕ್ಲಾಸು. ನನ್ನ ಇಸ್ಕೂಲಿಗೆ ಸೇರಿಸ್ದಾಗ ನಮ್ಮಪ್ಪ ಮೇಷ್ಟ್ರಿಗೆ ಕೈ ಮುಗ್ದು, "ಕಣ್ಣೊಂದ್ ಬುಟ್ಟು ಎಲ್ಲಿಗಾದ್ರೂ ಒಡೀರಿ ಸ್ವಾಮಿ, ಇದ್ಯೆ ಅತ್ತುದ್ರೆ ಸಾಕು" ಅಂದಿದ್ದ. ಆಗೆಲ್ಲಾ ಅಪ್ಪದೀರು ಅಂಗೇ ಯೋಳೋರು, ಅದೇ ಮರ್ವಾದೆ ಅಂತ ತಿಳ್ಕಂಡಿದ್ರು.

ಆ ಮೇಷ್ಟ್ರು ದಿನಾ ಮಗ್ಗಿ ಕೇಳೋರು. ಬರ್ದೇ ಇದ್ದೋರ ಮೂಗಿಡ್ಕಂಡು, ಮಗ್ಗಿ ಬಂದೋರು ಕೆನ್ನೆಗೆ ಬಾರುಸ್ಬೇಕು, ಅದೇ ಸಿಕ್ಷೆ. ನಂಗೆ ಮಗ್ಗಿ ಬತ್ತಿತ್ತು ಕಣ್ಲಾ, ನೀರು ಕುಡ್ದಂಗೆ. ಬಾಯಿಂದ ಈಚೆಗೆ ಬರೋವಷ್ಟ್ರಲ್ಲಿ, "ಏ ತೊದ್ಲಿ, ಸಗಣಿ ಬಾಚೋಗು, ನಿಂಗ್ಯಾಕೆ ಇಸ್ಕೂಲು" ಅನ್ನೋರು. ನನ್ ಜತೆಗಾತಿ ಸಾಕಮ್ಮ ನನ್ ಕೆನ್ನೆ ಮೆಲ್ಲಗೆ ಮುಟ್ಟುದ್ರೆ ಅವ್ಳಿಗೇ ಎರಡು ಬೀಳೋವು. ಅದ್ಕೇ ಪಾಪ, ಅಳ್ತಾ ಅಳ್ತಾ ಜೋರಾಗೇ ಒಡೆಯೋಳು. ಏಟಿನ ಉರಿ ಸಂಜೆಗೆ ಓಯ್ತಿತ್ತು ಬುಡು. ತೊದ್ಲಿ ಅನ್ನೋದು ಊರ್ಗೆಲ್ಲಾ ಅಂಟ್ಕತು. ನೀರಿಗೋದ್ರೂ ತೊದ್ಲಿ, ಅಂಗಡಿಗೋದ್ರೂ ತೊದ್ಲಿ. ನಾನು ಬಾಯೇ ಬುಡ್ತಿರ್ನಿಲ್ಲ.

ಒಂದಿನ ಮೇಷ್ಟ್ರೇ ಬಾರುಸ್ದೇಟ್ಗೆ ಕಿವೀಲಿ ರಕ್ತ ಬಂತು. ನಮ್ಮವ್ವ, "ಸಾಕು ಬುಡವ್ವ, ಎಣ್ಮಗ ನೀನು, ಎಮ್ಮೆ ಮೇಯಿಸ್ಕಂಡಿರು" ಅಂದ್ಲು. ನಂಗೋ ಓದೋ ಆಸೆ. ಅದ್ನ ಯೋಳಾಕೂ ಮಾತು ಬರ್ನಿಲ್ಲ, ಸ್ಲೇಟು ಎದೆಗವುಚ್ಕಂಡು ಕುಂತ್ಕಂಡೆ. ಕೆ.ಎಂ. ದೊಡ್ಡಿಗೆ ಕಬ್ಬಿನ ಗಾಡಿ ಒಡ್ಕಂಡೋಗಿದ್ದ ಅಪ್ಪ ಬಂದು ನನ್ ಕಿವಿ ನೋಡ್ದ. ಬೆಳಗ್ಗೆ ನನ್ ಕೈ ಇಡ್ಕಂಡು ಇಸ್ಕೂಲಿಗೆ ನಡ್ದ.

ಅಪ್ಪ ಮುಂಗೋಪಿ, ಊರ್ಗೇ ಗೊತ್ತು. ಇವತ್ತು ಮೇಷ್ಟ್ರಿಗೆ ಗ್ರಾಚಾರ ಅಂತ ಐಕಳೆಲ್ಲಾ ಉಸ್ರಿಡ್ಕಂಡಿದ್ದೊ. ಅಪ್ಪ ಟವಲ್ಲು ಕಂಕುಳಿಗೆ ಇಟ್ಕಂಡು ಮೆತ್ತಗೆ, "ಸ್ವಾಮಿ, ಕಣ್ಣೊಂದ್ ಬುಟ್ಟು ಒಡೀರಿ ಅಂತ ಅವತ್ತು ಮಾತು ಕೊಟ್ಟಿದ್ದೆ. ಆ ಮಾತು ವಾಪಸ್ ತಕಂಡೋಗಾಕೆ ಬಂದಿವ್ನಿ. ಮಗ ದಿನಾ ಬತ್ತಾಳೆ. ಅವ್ಳು ಯೋಳೋಗಂಟ ಕಾಯ್ರಿ. ನಿಮ್ ಕೈಲಾಗ್ದಿದ್ರೆ ನಾನೇ ಬಂದು ಕುಂತು ಕಾಯ್ತೀನಿ" ಅಂದ. ಅಪ್ಪ ಬಾಗ್ಲಲ್ಲೇ ಕುಂತ್ಕಂಡು, "ಯೋಳವ್ವ" ಅಂದ. ಎಂಟರ ಮಗ್ಗಿ ತಡ್ದು ತಡ್ದು ಪೂರಾ ಯೋಳ್ದೆ. ಯಾರೂ ನಗ್ನಿಲ್ಲ.

ಅವತ್ತಿಂದ ನಂಗೆ ಏಟು ನಿಂತೋಯ್ತು, ಓದೂ ನಿಲ್ನಿಲ್ಲ. ಆ ಕಿವಿ ಇವತ್ಗೂ ಸರ್ಯಾಗಿ ಕೇಳಲ್ಲ, ತೊದ್ಲಿ ಅಂದಿದ್ದು ಮಾತ್ರ ಇವತ್ಗೂ ಕೇಳುಸ್ತದೆ. ಮುದ್ದೆ ಬೇಯೋಗಂಟ ಒಲೆ ಮುಂದೆ ಕಾಯ್ತೀಯಲ್ಲ, ಒಬ್ಬನ ಮಾತು ಬರೋಗಂಟ ಕಾಯಾಕಾಗಲ್ವ ನಿಂಗೆ?